ಎಂಜಿನ್ ಬಂತು, ಬಳಗ ಬರಲಿಲ್ಲ

1960ರ ದಶಕದ ಒಂದು ಅಂಬಾಸಡರ್ ಕಾರು ಎಂದಿಟ್ಟುಕೊಳ್ಳಿ. ತಂದೆಯ ಕಾಲದಿಂದಲೂ ಮನೆಯಲ್ಲೇ ಇದ್ದದ್ದು. ಮೈಕಟ್ಟು ಇನ್ನೂ ಗಟ್ಟಿ. ಎಂಜಿನ್ ಮಾತ್ರ ಆಯಿಲ್ ಕುಡಿದು ನೀಲಿ ಹೊಗೆ ಕಕ್ಕುತ್ತಿತ್ತು. ಒಮ್ಮೆ ಬೋರ್ ಮಾಡಿಸಿದ್ದಾಯಿತು, ಇನ್ನೊಮ್ಮೆ ಸ್ಲೀವ್ ಹಾಕಿಸಿದ್ದಾಯಿತು. ಕೊನೆಗೆ ಯಜಮಾನರು ಮನಸ್ಸು ಗಟ್ಟಿ ಮಾಡಿ, ಅಪಘಾತದಲ್ಲಿ ಹಿಂಭಾಗ ನುಜ್ಜುಗುಜ್ಜಾಗಿದ್ದ ಇನ್ನೊಂದು ಅಂಬಾಸಡರಿನ ಇಸುಝು ಎಂಜಿನ್ ಕೊಂಡರು. ಕೊಳ್ಳುವ ಮುಂಚೆ ಆ ಕಾರಿನಲ್ಲೇ ಸ್ಟಾರ್ಟ್ ಮಾಡಿಸಿ ನೋಡಿದ್ದರು. ಹೊಲಿಗೆ ಯಂತ್ರದ ಹಾಗೆ ಓಡಿತ್ತು. ಅದನ್ನು ಇಳಿಸಿ ತಂದು ಹಳೆಯ ಕಾರಿಗೆ ಕೂರಿಸಿದರು, ಹಳೆಯ ಎಂಜಿನ್ ಗುಜರಿಗೆ ಹೋಯಿತು. ಕೀಲಿ ತಿರುಗಿಸಿದಾಗ ಎಂಜಿನ್ ಎದ್ದಿತು ನಿಜ. ಆದರೆ ಚಳಿಜ್ವರ ಬಂದವರಂತೆ ಇಡೀ ಕಾರು ಗಡಗಡ ನಡುಗತೊಡಗಿತು.

"ಎಂಜಿನ್ನೇ ಸರಿ ಇಲ್ಲ ಸಾರ್. ನಿಮಗೆ ಟೋಪಿ ಹಾಕಿದ್ದಾರೆ. ಹೆಡ್ ಇಳಿಸಿ ನೋಡ್ಬಿಡೋಣ" ಎನ್ನುತ್ತಾನೆ ಮೇಸ್ತ್ರಿ.

"ಅಲ್ಲಪ್ಪಾ, ಮೊನ್ನೆ ನಿನ್ನ ಎದುರಿಗೇ ಓಡಿಸಿ ನೋಡಿದೆವಲ್ಲ?"

"ಅವತ್ತು ಓಡ್ತು ಸಾರ್, ಇವತ್ತು ಓಡ್ತಾ ಇಲ್ಲ. ನಾನೇನು ಮಾಡ್ಲಿ?"

ಮೇಸ್ತ್ರಿ ಬೇಸರದಿಂದ ಆಡಿದ ಈ ಮಾತಿನಲ್ಲೇ ಉತ್ತರದ ಅರ್ಧ ಅಡಗಿದೆ. ಮೊನ್ನೆಗೂ ಇವತ್ತಿಗೂ ನಡುವೆ ಏನು ಬದಲಾಯಿತು? ಪಿಸ್ಟನ್ ಬದಲಾಗಲಿಲ್ಲ, ವಾಲ್ವ್ ಬದಲಾಗಲಿಲ್ಲ, ರಿಂಗ್ ಸವೆಯಲಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಯಾರೂ ಕೈ ಹಾಕಿಲ್ಲ. ಬದಲಾದದ್ದೆಲ್ಲ ಅದರ ಹೊರಗೆ. ಪೆಟ್ರೋಲ್ ಕೊಳವೆ, ಗಾಳಿ ಎಳೆಯುವ ರಬ್ಬರ್ ಪೈಪುಗಳು, ಕಾಯಿಲ್, ವೈರುಗಳು, ಅರ್ಥ್ ಪಟ್ಟಿ, ಸೈಲೆನ್ಸರ್ ಪೈಪು, ಕೂರುವ ರಬ್ಬರುಗಳು ಎಲ್ಲವನ್ನೂ ಕತ್ತರಿಸಿ ಮತ್ತೆ ಜೋಡಿಸಲಾಗಿದೆ. ಇವುಗಳಲ್ಲಿ ಎಷ್ಟೋ ಭಾಗಗಳು ಎಂಜಿನ್ನಿಗೆ ಅಂಟಿಕೊಂಡಿರದೆ ಕಾರಿನ ಮೈಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಎಂಜಿನ್ ಬರುವಾಗ ಅವು ಹಳೆಯ ಕಾರಿನಲ್ಲೇ ಉಳಿದುಬಿಡುತ್ತವೆ. ಮನೆ ಬದಲಾಯಿಸಿದ ಸಂಸಾರಕ್ಕೆ ಒಲೆ ಬಂದು ಒಲೆಯ ಕೊಳವೆ ಅಲ್ಲೇ ಉಳಿದ ಹಾಗೆ.

ಹೆಡ್ ಇಳಿಸುವ ಮಾತು ಇಲ್ಲಿ ಅಪಾಯದ ಮಾತು. ಕಾರಣ ಖರ್ಚು ಮಾತ್ರವಲ್ಲ. ಇಸುಝು ಎಂಜಿನ್ನಿನ ಕ್ಯಾಮ್ ಶಾಫ್ಟು ಹೆಡ್ಡಿನ ಮೇಲೆಯೇ ಇದೆ. ಚೈನು ಅದನ್ನು ಓಡಿಸುತ್ತದೆ. ಹೆಡ್ ತೆಗೆಯಬೇಕಾದರೆ ಆ ಚೈನನ್ನು ಬಿಡಿಸಬೇಕು. ಮತ್ತೆ ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ವಾಲ್ವುಗಳು ತೆರೆಯುವ ಮುಚ್ಚುವ ಹೊತ್ತು ತಪ್ಪುತ್ತದೆ. ಗ್ಯಾಸ್ಕೆಟ್ ಹೊಸದು ಬೇಕು, ಬೋಲ್ಟುಗಳನ್ನು ಅಳತೆಯಲ್ಲಿ ಬಿಗಿಯಬೇಕು. ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಇರುವ ಆರೋಗ್ಯ ಕೆಡಿಸಿದಂತಾದೀತು. ಆಮೇಲೆ ನಡುಕಕ್ಕೆ ಕಾರಣ ಹೊಸದೋ ಹಳೆಯದೋ ಎಂದು ಹೇಳುವುದೂ ಕಷ್ಟ.

ಅಂಬಾಸಡರಿಗೆ ಇಸುಝು ಎಂಜಿನ್ ಹೊಂದುವುದೇ ಎಂಬ ಪ್ರಶ್ನೆ ಸಹಜ. ಹಿಂದೂಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಈ ಕಾರು ತಯಾರಿಸಿತು. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಹುಕಾಲ ಇದ್ದದ್ದು 1489 ಸಿಸಿಯ ಬ್ರಿಟಿಷ್ ಎಂಜಿನ್. 1990ರ ದಶಕದ ಆರಂಭದಲ್ಲಿ ಕಂಪನಿಯೇ ಇದೇ ಮೈಗೆ 1817 ಸಿಸಿಯ ಇಸುಝು ಪೆಟ್ರೋಲ್ ಎಂಜಿನ್ ಮತ್ತು ಐದು ಗೇರುಗಳ ಪೆಟ್ಟಿಗೆ ಕೊಟ್ಟಿತು. ಕಂಟೆಸ್ಸಾ ಕಾರಿಗೂ ಅದೇ ಎಂಜಿನ್ ಇತ್ತು. ಆದ್ದರಿಂದ ಈ ಜೋಡಿ ಅಸಂಬದ್ಧವೇನಲ್ಲ. ಕಾರ್ಖಾನೆ ಮಾಡಿದ್ದನ್ನು ಗ್ಯಾರೇಜಿನಲ್ಲಿ ಮಾಡಿದಂತೆ, ಅಷ್ಟೆ. ವ್ಯತ್ಯಾಸವೆಂದರೆ ಕಾರ್ಖಾನೆಯವರು ಎಂಜಿನ್ನಿನ ಜೊತೆಗೆ ಅದರ ಬಳಗವನ್ನೂ ಕೂರಿಸಿದ್ದರು.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಸ್ಪಾನರ್ ಹಿಡಿಯುವ ಮೊದಲು ಕಿವಿಗೂ ಅಂಗೈಗೂ ಸ್ವಲ್ಪ ಕೆಲಸ ಕೊಡಬೇಕು.

ನಾಲ್ಕು ಸಿಲಿಂಡರುಗಳ ಎಂಜಿನ್ ನಿಂತಲ್ಲೇ ಓಡುವಾಗ, ಅಂದರೆ ಐಡ್ಲಿಂಗಿನಲ್ಲಿ, ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತದೆ. ಪ್ರತಿ ಎರಡು ಸುತ್ತಿಗೆ ಒಂದೊಂದು ಸಿಲಿಂಡರೂ ಒಮ್ಮೆ ಉರಿಯುತ್ತದೆ. ಅಂದರೆ ಸುತ್ತಿಗೆ ಎರಡು ತಳ್ಳು, ನಿಮಿಷಕ್ಕೆ 1600, ಸೆಕೆಂಡಿಗೆ ಸುಮಾರು 27. ಇಷ್ಟು ಬೇಗ ಬೇಗ ಬರುವ ತಳ್ಳುಗಳು ಒಂದರೊಳಗೊಂದು ಬೆರೆತು ನಯವಾದ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತವೆ. ಒಂದು ಸಿಲಿಂಡರ್ ಸತ್ತಿದ್ದರೆ ಸೆಕೆಂಡಿಗೆ ಏಳು ಬಾರಿಯಂತೆ ಒಂದು ತಳ್ಳು ತಪ್ಪುತ್ತದೆ. ಅದು ಅಂಗೈಗೆ ಗೊತ್ತಾಗುವಷ್ಟು ನಿಧಾನ. ಮಡ್‌ಗಾರ್ಡಿನ ಮೇಲೆ ಕೈಯಿಟ್ಟರೆ ತಾಳ ತಪ್ಪದೆ ದಡ್ ದಡ್ ಎಂದು ಬಡಿಯುತ್ತದೆ. ತಾಳವೇ ಇಲ್ಲದೆ ಮನಬಂದಂತೆ ಮುಗ್ಗರಿಸುತ್ತಿದ್ದರೆ ತಪ್ಪು ಒಂದು ಸಿಲಿಂಡರಿನದಲ್ಲ, ನಾಲ್ಕಕ್ಕೂ ಸಾಮಾನ್ಯವಾದ ಯಾವುದೋ ಒಂದರದ್ದು. ಗಾಳಿ-ಪೆಟ್ರೋಲ್ ಮಿಶ್ರಣವಾಗಿರಬಹುದು, ಕಿಡಿಯ ಮೂಲವೇ ಆಗಿರಬಹುದು.

ಇನ್ನೂ ಒಂದು ಸಾಧ್ಯತೆ ಇದೆ. ಕಾರಿನ ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಕಿವಿಗೊಟ್ಟರೆ ಹೊಗೆಯ ಸದ್ದು ಒಂದೇ ಸಮನೆ ಬರುತ್ತಿದೆ, ಆದರೆ ಸೀಟು, ಸ್ಟಿಯರಿಂಗ್, ಕನ್ನಡಿ ಎಲ್ಲ ನಡುಗುತ್ತಿವೆ. ಆಗ ಎಂಜಿನ್ ಸರಿಯಾಗಿಯೇ ಓಡುತ್ತಿದೆ ಎಂದರ್ಥ. ಸರಿಯಿಲ್ಲದ್ದು ಅದು ಕೂತ ರಬ್ಬರ್ ಮೌಂಟಿಂಗು. ನಾಲ್ಕು ಸಿಲಿಂಡರುಗಳು ಸಾಲಾಗಿರುವ ಎಂಜಿನ್ನಿಗೆ ಹುಟ್ಟುಗುಣವಾಗಿಯೇ ಒಂದು ಕಂಪನ ಇರುತ್ತದೆ. ಅದನ್ನು ಮೈಗೆ ದಾಟದಂತೆ ತಡೆಯುವುದು ರಬ್ಬರಿನ ಕೆಲಸ. ಬೇರೆ ತೂಕದ ಎಂಜಿನ್ನಿಗೆಂದು ಮಾಡಿದ ರಬ್ಬರು, ಗಟ್ಟಿಯಾದ ಹಳೆಯ ರಬ್ಬರು, ವೆಲ್ಡ್ ಮಾಡಿ ಬಲವಂತವಾಗಿ ಎಳೆದು ಬಿಗಿದ ಬ್ರಾಕೆಟ್ಟು ಇದ್ದರೆ ಈ ತಡೆ ಮುರಿಯುತ್ತದೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ತಕ್ಕಂತೆ ತಳ್ಳಿದರೆ ಆಟ ದೊಡ್ಡದಾಗುವ ಹಾಗೆ, ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಇಡೀ ಕಾರು ಅಲುಗುತ್ತದೆ. ಆಕ್ಸಲರೇಟರನ್ನು ಚೂರು ಒತ್ತಿದರೆ ನಡುಕ ಮಾಯ, ಬಿಟ್ಟರೆ ಮತ್ತೆ ಹಾಜರು. ಮೌಂಟಿಂಗ್ ಬೋಲ್ಟುಗಳನ್ನು ಸಡಿಲಿಸಿ, ಎಂಜಿನ್ ತಾನಾಗಿ ಕೂರಲು ಬಿಟ್ಟು, ಮತ್ತೆ ಬಿಗಿದರೆ ಎಷ್ಟೋ ಸಲ ಸಾಕಾಗುತ್ತದೆ.

ಈ ಕಾರಿನಲ್ಲಿ ಹೊಗೆಯ ಸದ್ದೂ ಮುಗ್ಗರಿಸುತ್ತಿತ್ತು ಎಂದಿಟ್ಟುಕೊಳ್ಳಿ. ಈಗ ಮುಂದಿನ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುವುದು. ಹಳೆಯ ಮೇಸ್ತ್ರಿಗಳೆಲ್ಲ ಬಲ್ಲ ಉಪಾಯ ಇದು. ಉರಿಯುತ್ತಿರುವ ಸಿಲಿಂಡರಿನ ವೈರು ಕಿತ್ತರೆ ಎಂಜಿನ್ ಇನ್ನಷ್ಟು ಕುಗ್ಗುತ್ತದೆ, ಸತ್ತ ಸಿಲಿಂಡರಿನ ವೈರು ಕಿತ್ತರೆ ಏನೂ ಆಗುವುದಿಲ್ಲ. ಬರಿಗೈಯಲ್ಲಿ ಹಿಡಿದರೆ ಒದೆ ತಿನ್ನಬೇಕಾಗುತ್ತದೆ. ಇನ್ಸುಲೇಷನ್ ಇರುವ ಇಕ್ಕಳವೇ ಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಕಿತ್ತ ವೈರನ್ನು ಗಾಳಿಯಲ್ಲಿ ತೂಗಲು ಬಿಡಬಾರದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿಡಬೇಕು. ಇಲ್ಲವಾದರೆ ಹಾದಿ ಕಾಣದ ವೋಲ್ಟೇಜು ಇಗ್ನಿಷನ್ನಿನ ಸರ್ಕೀಟನ್ನೇ ಸುಟ್ಟೀತು.

ಇಲ್ಲಿ ನಾಲ್ಕೂ ವೈರುಗಳನ್ನು ಕಿತ್ತಾಗಲೂ ಎಂಜಿನ್ ಕುಗ್ಗಿತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಇದು ಚಿಕ್ಕ ಸುಳಿವಲ್ಲ. ವಾಲ್ವ್ ಸುಟ್ಟಿದ್ದರೆ ಒಂದು ಸಿಲಿಂಡರ್ ಸೋಲಬೇಕಿತ್ತು. ಗ್ಯಾಸ್ಕೆಟ್ ಹೋಗಿದ್ದರೆ ಅಕ್ಕಪಕ್ಕದ ಎರಡು ಸೋಲಬೇಕಿತ್ತು. ನಾಲ್ಕೂ ಸಮವಾಗಿ ಸೊರಗಿವೆ ಎಂದಮೇಲೆ ಹೆಡ್ಡಿನ ಮೇಲಿನ ಗುಮಾನಿ ಬಹುಮಟ್ಟಿಗೆ ಕಳಚಿತು. ಇನ್ನೂ ಅನುಮಾನವಿದ್ದರೆ ಹತ್ತು ನಿಮಿಷದ ಕಂಪ್ರೆಷನ್ ಪರೀಕ್ಷೆ ಇದೆ. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ರಂಧ್ರಕ್ಕೂ ಗೇಜು ಇಟ್ಟು ಸ್ಟಾರ್ಟರ್ ತಿರುಗಿಸಬೇಕು. ನಾಲ್ಕು ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಒಳಗಿನ ಭಾಗ ಕ್ಷೇಮ. ಒಂದು ಕಡಿಮೆ ಬಂದರೆ ಆ ರಂಧ್ರಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ನೇರ ಹೆಡ್ ಬಿಚ್ಚಲು ಕೂರುವವರು ಇಂದಿಗೂ ಇದ್ದಾರೆ ಎಂಬುದು ಆಶ್ಚರ್ಯ.

ನಾಲ್ಕು ಸಿಲಿಂಡರುಗಳಿಗೂ ಸಾಮಾನ್ಯವಾದದ್ದು ಇನ್‌ಲೆಟ್ ಮ್ಯಾನಿಫೋಲ್ಡು. ಕಾರ್ಬುರೇಟರಿನಿಂದ ಮಿಶ್ರಣವನ್ನು ಹಂಚುವ ಕೊಳವೆ ಅದು. ಐಡ್ಲಿಂಗಿನಲ್ಲಿ ಕಾರ್ಬುರೇಟರಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಮ್ಯಾನಿಫೋಲ್ಡಿನಲ್ಲಿ ಭಾಗಶಃ ನಿರ್ವಾತ ಉಂಟಾಗುತ್ತದೆ. ಆರೋಗ್ಯವಂತ ಎಂಜಿನ್ನಿಗೆ ವ್ಯಾಕ್ಯೂಮ್ ಗೇಜು ಹಚ್ಚಿದರೆ ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಅಂಗುಲ ತೋರಿಸುತ್ತದೆ. ಇಲ್ಲೊಂದು ಎಚ್ಚರ ಬೇಕು. ಎತ್ತರಕ್ಕೆ ಹೋದಂತೆ ವಾತಾವರಣದ ಒತ್ತಡವೇ ಕಡಿಮೆ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಕಳೆಯಬೇಕು. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ರೋಗವಲ್ಲ. ಗೇಜಿನ ಜೊತೆ ಬಂದ ಚೀಟಿಯನ್ನೇ ನಂಬಿ ಕೂತರೆ ಘಟ್ಟದ ಮೇಲಿನ ಎಂಜಿನ್ನುಗಳೆಲ್ಲ ಕಾಯಿಲೆಯವೇ ಆಗುತ್ತವೆ!

ಈ ಅಂಬಾಸಡರಿನ ಗೇಜು ತೋರಿಸಿದ್ದು 11. ಮುಳ್ಳು ನಡುಗಲಿಲ್ಲ, ಕೆಳಗೇ ನಿಂತಿತು. ನಿಂತ ಮುಳ್ಳು ಕೆಳಗಿದ್ದರೆ ಎರಡು ಕಾರಣಗಳು ಮುಖ್ಯ. ಎಲ್ಲಿಂದಲೋ ಗಾಳಿ ಕದ್ದು ನುಗ್ಗುತ್ತಿರಬೇಕು, ಇಲ್ಲವೇ ಕಿಡಿ ತಡವಾಗಿ ಬೀಳುತ್ತಿರಬೇಕು. ಟೈಮಿಂಗ್ ಲೈಟು ಹಿಡಿದು ಎರಡನೆಯದನ್ನು ನೋಡಿದ್ದಾಯಿತು, ಸರಿಯಿತ್ತು. ಇನ್ನು ಉಳಿದದ್ದು ಗಾಳಿ.

ಮ್ಯಾನಿಫೋಲ್ಡಿನಿಂದ ಹೊರಟ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಹಿಸುಕಿ ನೋಡಬೇಕು. ಯಾವುದನ್ನು ಹಿಸುಕಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಕಳ್ಳದಾರಿ. ಕೆಲವರು ಸೀಳುಗಳನ್ನು ಹುಡುಕಲು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಈ ಧೈರ್ಯ ಬೇಡ, ಸೋಪಿನ ನೀರು ಸಾಕು. ಕದ್ದು ನುಗ್ಗುವ ಕಡೆ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ಸದ್ದು ಒಂದು ಕ್ಷಣ ಬದಲಾಗುತ್ತದೆ.

ಸಿಕ್ಕಿದ್ದೇನು ಗೊತ್ತೆ? ಹೆಬ್ಬೆರಳು ಗಾತ್ರದ ಒಂದು ಪೈಪು. ಎಂಜಿನ್ ಮೊದಲಿದ್ದ ಕಾರಿನಲ್ಲಿ ಬ್ರೇಕಿಗೆ ಸರ್ವೋ ಇತ್ತು. ಕಾಲಿನ ಒತ್ತಡಕ್ಕೆ ಬಲ ಕೂಡಿಸಲು ಮ್ಯಾನಿಫೋಲ್ಡಿನ ನಿರ್ವಾತವನ್ನೇ ಬಳಸಿಕೊಳ್ಳುವ ಡಬ್ಬಿ ಅದು. ಹಳೆಯ ಅಂಬಾಸಡರಿಗೆ ಅಂಥದ್ದಿಲ್ಲ. ಎಂಜಿನ್ ಕೂರಿಸಿದವನಿಗೆ ಆ ಪೈಪು ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಾಯಿಗೆ ಬಟ್ಟೆ ತುರುಕಿ ಇನ್ಸುಲೇಷನ್ ಟೇಪ್ ಸುತ್ತಿದ್ದ. ಎಂಜಿನ್ ಬಿಸಿಗೆ ಟೇಪು ಮೆತ್ತಗಾಗಿ ಬಿಚ್ಚಿಕೊಂಡಿತ್ತು.

ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ನಡುಕವೇ? ಲೆಕ್ಕ ಹಾಕಿ ನೋಡಬೇಕು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9000 ಲೀಟರ್ ಗಾಳಿ. ಈ ಅಳತೆ ಮಾಡುವುದು ಕಾರ್ಬುರೇಟರಿನ ಕಿರಿದಾದ ಕೊರಳು. ಅಲ್ಲಿ ಗಾಳಿ ರಭಸದಿಂದ ಹಾಯುತ್ತದೆ, ಒತ್ತಡ ಇಳಿಯುತ್ತದೆ, ಹೋದ ಗಾಳಿಗೆ ತಕ್ಕಷ್ಟು ಪೆಟ್ರೋಲು ಜೆಟ್ಟಿನಿಂದ ಮೇಲೆದ್ದು ಬೆರೆಯುತ್ತದೆ. ಕಳ್ಳದಾರಿಯಲ್ಲಿ ಬಂದ ಗಾಳಿ ಈ ಕೊರಳಿನ ಮೂಲಕ ಹಾಯುವುದೇ ಇಲ್ಲ. ಅದಕ್ಕೆ ಪೆಟ್ರೋಲು ಸಿಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ತೀರ ತೆಳುವಾದ ಮಿಶ್ರಣಕ್ಕೆ ಒಮ್ಮೆ ಬೆಂಕಿ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಐಡ್ಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಅದರಲ್ಲಿ ಕದ್ದ ಗಾಳಿಯ ಪಾಲು ದೊಡ್ಡದು. ವೇಗವಾಗಿ ಓಡುವಾಗ ಬಾಗಿಲು ಅಗಲವಾಗಿ ತೆರೆದು ಗಾಳಿಯ ಹೊಳೆಯೇ ಹರಿಯುತ್ತದೆ, ಆಗ ಈ ತೂತು ಲೆಕ್ಕಕ್ಕಿಲ್ಲ. ನಿಂತಾಗ ನಡುಗುವ, ಓಡುವಾಗ ಸುಧಾರಿಸುವ ಎಂಜಿನ್ ಕಂಡರೆ ಮೊದಲು ಗಾಳಿ ಸೋರುವುದನ್ನು ಹುಡುಕಬೇಕು ಎನ್ನುವುದು ಇದಕ್ಕೇ.

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದೇ ಬೇರೆ. ನಡುಗುವ ಎಂಜಿನ್ ಬಂದೊಡನೆ ಸ್ಕ್ರೂಡ್ರೈವರು ಕಾರ್ಬುರೇಟರಿನ ಕಡೆ ಹೋಗುತ್ತದೆ. ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚಿಸುವುದು, ಅದರಿಂದಾಗದಿದ್ದರೆ ಐಡ್ಲಿಂಗ್ ಏರಿಸುವುದು. ನಡುಕ ತಕ್ಷಣಕ್ಕೆ ಅಡಗುತ್ತದೆ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಹೇಳಿದ ಹಾಗಾಯಿತು. ಮುಂದೆ ಪ್ಲಗ್ಗುಗಳಿಗೆ ಕರಿ ಕಟ್ಟುತ್ತದೆ, ಮೈಲೇಜು ಬೀಳುತ್ತದೆ, ಆರು ತಿಂಗಳ ಮೇಲೆ ಇನ್ನೊಬ್ಬ ಮೇಸ್ತ್ರಿಗೆ ತಲೆಬುಡ ತಿಳಿಯುವುದಿಲ್ಲ. ಕಾರ್ಬುರೇಟರಿಗೆ ಕೈ ಹಾಕುವುದು ಎಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ.

ಹೊಗೆ ತಪಾಸಣೆ ಕೇಂದ್ರದ ಯಂತ್ರ ಇಲ್ಲಿ ಒಳ್ಳೆಯ ಸಾಕ್ಷಿ. ಅದನ್ನು ಬರೀ ಸರ್ಟಿಫಿಕೇಟಿಗೆಂದು ತಿಳಿದವರೇ ಹೆಚ್ಚು. ಅದು ಎರಡು ಅಂಕಿ ಕೊಡುತ್ತದೆ: ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಹೈಡ್ರೋಕಾರ್ಬನ್. ಮೊದಲನೆಯದು ಹೆಚ್ಚಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಮೊದಲನೆಯದು ಕಡಿಮೆಯಿದ್ದು ಎರಡನೆಯದು ಮೇಲಕ್ಕೆ ಹಾರಿದ್ದರೆ ಮಿಶ್ರಣ ತೆಳುವಾಗಿಯೋ ಕಿಡಿ ತಪ್ಪಿಯೋ ಪೆಟ್ರೋಲು ಉರಿಯದೇ ಹೊರಗೆ ಹೋಗುತ್ತಿದೆ.

ಪೈಪಿನ ಬಾಯಿಗೆ ಗಟ್ಟಿಯಾದ ರಬ್ಬರ್ ಮುಚ್ಚಳ ಹಾಕಿ ಕ್ಲಿಪ್ ಬಿಗಿದ ಮೇಲೆ ಗೇಜು 16ಕ್ಕೆ ಏರಿತು. ನಡುಕ ನಿಂತಿತು. ಯಜಮಾನರಿಗೆ ಸಮಾಧಾನವಾಯಿತು. ಆದರೆ ಕಾರನ್ನು ರಸ್ತೆಗೆ ಇಳಿಸಿ ಏರು ಹತ್ತಿಸಿದರೆ ಮತ್ತೆ ಮಿಸ್ಸಿಂಗ್! ಸಮತಟ್ಟಿನಲ್ಲಿ ಸರಿ, ನಿಂತಾಗ ಸರಿ, ಆಕ್ಸಲರೇಟರ್ ಒತ್ತಿದೊಡನೆ ತಡವರಿಕೆ.

"ನೋಡಿದ್ರಾ ಸಾರ್, ನಾನು ಹೇಳ್ಲಿಲ್ವಾ? ಪೈಪಿಂದೇನೂ ಅಲ್ಲ, ಎಂಜಿನ್ನಿಂದೇ."

ಇಲ್ಲಿ ಎಡವುವವರು ಬಹಳ. ಒಂದು ಕಾಯಿಲೆಗೆ ಒಂದೇ ಕಾರಣ ಇರಬೇಕೆಂಬ ನಂಬಿಕೆ ಎಂಜಿನ್ ಬದಲಾಯಿಸಿದ ಕಾರಿನಲ್ಲಿ ಸಲ್ಲುವುದಿಲ್ಲ. ಒಂದೇ ದಿನ ಇಪ್ಪತ್ತು ಜೋಡಣೆಗಳನ್ನು ಕಳಚಿ ಕೂಡಿಸಿದಾಗ ಎರಡು ತಪ್ಪಿರುವುದು ಅಸಹಜವಲ್ಲ. ಮೊದಲನೆಯದನ್ನು ಸರಿಪಡಿಸಿದ್ದು ವ್ಯರ್ಥವೆಂದು ಅದನ್ನು ಮತ್ತೆ ಕೆದಕಬಾರದು. ಏನು ಸುಧಾರಿಸಿತು, ಏನು ಉಳಿಯಿತು ಎಂದು ಬೇರೆ ಬೇರೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆದೀತು.

ಏರಿನಲ್ಲಿ ತಡವರಿಸಲು ಎರಡು ಕಾರಣಗಳುಂಟು. ಪೆಟ್ರೋಲು ಸಾಲದಿರುವುದು ಒಂದು, ಕಿಡಿ ಸಾಲದಿರುವುದು ಇನ್ನೊಂದು. ಬೇರ್ಪಡಿಸುವುದು ಕಷ್ಟವಲ್ಲ. ಕಾರ್ಬುರೇಟರಿನ ಪುಟ್ಟ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲು ಸದಾ ಸಂಗ್ರಹವಿರುತ್ತದೆ. ಪೂರೈಕೆ ಕಡಿಮೆಯಿದ್ದರೆ ಮೊದಲ ಕೆಲವು ಸೆಕೆಂಡು ಎಂಜಿನ್ ಚೆನ್ನಾಗಿಯೇ ಎಳೆದು, ಬಟ್ಟಲು ಬರಿದಾದ ಮೇಲೆ ಸೊರಗುತ್ತದೆ. ಒಂದು ನಿಮಿಷ ನಿಲ್ಲಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಕಿಡಿಯ ದೋಷ ಹಾಗಲ್ಲ, ಕಾಲು ಒತ್ತಿದ ಕ್ಷಣವೇ ಕಾಣಿಸಿಕೊಳ್ಳುತ್ತದೆ. ಆಕ್ಸಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ತುಂಬಿ ಒತ್ತಡ ಏರುತ್ತದೆ. ಒತ್ತಿದ ಅನಿಲದ ನಡುವೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ಬಲ ಸಾಲದ ಕಿಡಿ ಅಲ್ಲಿ ಸೋಲುತ್ತದೆ. ಪ್ಲಗ್ಗನ್ನು ಹೊರತೆಗೆದು ಎಂಜಿನ್ನಿಗೆ ಆನಿಸಿ, "ಕಿಡಿ ಬರ್ತಿದೆಯಲ್ಲ ಸಾರ್" ಎಂದು ತೋರಿಸುವುದರಿಂದ ಏನೂ ಸಾಬೀತಾಗುವುದಿಲ್ಲ. ಅದು ಹೊರಗಿನ ಗಾಳಿಯಲ್ಲಿ ಹಾರಿದ ಕಿಡಿ.

ಇಲ್ಲಿ ತಡವರಿಕೆ ಆ ಕ್ಷಣದಲ್ಲೇ ಬರುತ್ತಿತ್ತು. ಕಾಯಿಲ್ ನೋಡಿದರೆ ಅದು ಹಳೆಯ ಅಂಬಾಸಡರಿನದೇ. ಇಸುಝು ಎಂಜಿನ್ನಿನ ಕಾಯಿಲ್ ಕಾರಿನ ಮೈಗೆ ಬಿಗಿದಿದ್ದರಿಂದ ಅಲ್ಲೇ ಉಳಿದಿತ್ತು. ಹಳೆಯದರ ಮೇಲೆ ಪ್ಲಸ್, ಮೈನಸ್ ಗುರುತೂ ಇರಲಿಲ್ಲ. ಬ್ರಿಟಿಷ್ ಮಾದರಿಯ ಹಳೆಯ ಕಾಯಿಲ್‌ಗಳ ಮೇಲೆ 'ಎಸ್‌ಡಬ್ಲ್ಯೂ', 'ಸಿಬಿ' ಎಂದು ಮಾತ್ರ ಇರುತ್ತಿತ್ತು: ಒಂದು ಇಗ್ನಿಷನ್ ಸ್ವಿಚ್ಚಿಗೆ, ಇನ್ನೊಂದು ಡಿಸ್ಟ್ರಿಬ್ಯೂಟರಿಗೆ. ಗುರುತು ಅದು, ವೈರು ಅದೇ, ತಪ್ಪೆಲ್ಲಿ?

ತಪ್ಪು ಬ್ಯಾಟರಿಯಲ್ಲಿ. 1960ರ ದಶಕದವರೆಗಿನ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಸೇರಿಸುವ ಪದ್ಧತಿ ಸಾಮಾನ್ಯವಾಗಿತ್ತು. ಆಮೇಲೆ ಬಂದ ಆಲ್ಟರ್ನೇಟರ್‌ಗಳಿಗೆ ಮೈನಸ್ ತುದಿ ಮೈಗೆ ಸೇರಬೇಕು. ಇಲ್ಲವಾದರೆ ಡಯೋಡುಗಳು ಸುಟ್ಟುಹೋಗುತ್ತವೆ. ಇಸುಝು ಎಂಜಿನ್ನಿನ ಜೊತೆ ಅದರ ಆಲ್ಟರ್ನೇಟರೂ ಬಂದದ್ದರಿಂದ ಎಲೆಕ್ಟ್ರಿಷಿಯನ್ ಬ್ಯಾಟರಿಯನ್ನು ಸರಿಯಾಗಿಯೇ ತಿರುಗಿಸಿದ. ಆದರೆ ಕಾಯಿಲ್‌ನ ಎರಡು ವೈರುಗಳನ್ನು ಅದಲುಬದಲು ಮಾಡುವುದನ್ನು ಮರೆತ. ಕಾಯಿಲ್ ಒಳಗೆ ವಿದ್ಯುತ್ತು ಉಲ್ಟಾ ಹರಿಯಿತು, ಕಿಡಿಯ ದಿಕ್ಕೂ ಉಲ್ಟಾ ಆಯಿತು.

ಕಿಡಿಗೂ ದಿಕ್ಕುಂಟೆ? ಉಂಟು. ಪ್ಲಗ್ಗಿನ ನಡುವಿನ ಕಡ್ಡಿ ಪಿಂಗಾಣಿಯೊಳಗೆ ಹುದುಗಿ ಕೆಂಡದಂತೆ ಕಾದಿರುತ್ತದೆ. ಪಕ್ಕದ ಕೊಕ್ಕೆ ಎಂಜಿನ್ನಿನ ಲೋಹಕ್ಕೆ ಅಂಟಿರುವುದರಿಂದ ಅಷ್ಟು ಬಿಸಿಯಿರುವುದಿಲ್ಲ. ಕಾದ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಬೀಳುತ್ತವೆ. ಹಳೆಯ ರೇಡಿಯೋ ವಾಲ್ವುಗಳೂ ಟಿವಿಯ ಚಿತ್ರನಳಿಕೆಯೂ ಕೆಲಸ ಮಾಡುತ್ತಿದ್ದದ್ದು ಇದೇ ಗುಣದಿಂದ. ಎಲೆಕ್ಟ್ರಾನು ನಡುಗಡ್ಡಿಯಿಂದ ಕೊಕ್ಕೆಗೆ ಜಿಗಿಯುವುದು ಹಗುರದ ಕೆಲಸ. ದಿಕ್ಕು ಉಲ್ಟಾ ಆದರೆ ತಣ್ಣಗಿನ ಕೊಕ್ಕೆಯಿಂದ ಜಿಗಿಯಬೇಕು. ಅದಕ್ಕೆ ಗಣನೀಯವಾಗಿ ಹೆಚ್ಚು ವೋಲ್ಟೇಜು ಬೇಕು. ನಿಂತಾಗ ಕಾಯಿಲ್ ಅದನ್ನು ಹೇಗೋ ಒದಗಿಸುತ್ತದೆ, ಏರಿನಲ್ಲಿ ಕೈಚೆಲ್ಲುತ್ತದೆ.

ಇದನ್ನು ಪತ್ತೆ ಮಾಡಲು ಹಳೆಯ ಮೇಸ್ತ್ರಿಗಳ ಬಳಿ ಒಂದು ಪೆನ್ಸಿಲ್ ಇರುತ್ತಿತ್ತು. ಪ್ಲಗ್ ವೈರಿನ ತುದಿಗೂ ಪ್ಲಗ್ಗಿಗೂ ನಡುವೆ ಸ್ವಲ್ಪ ಅಂತರ ಬಿಟ್ಟು, ಆ ಕಿಡಿಯ ದಾರಿಯಲ್ಲಿ ಪೆನ್ಸಿಲ್ಲಿನ ಸೀಸದ ಮೊನೆ ಹಿಡಿಯುವುದು. ಕಿತ್ತಳೆ ಬಣ್ಣದ ಜ್ವಾಲೆ ಪೆನ್ಸಿಲ್ಲಿನಿಂದ ಪ್ಲಗ್ಗಿನ ಕಡೆಗೆ ಹರಡಿದರೆ ದಿಕ್ಕು ಸರಿ, ವೈರಿನ ಕಡೆಗೆ ಹರಡಿದರೆ ಉಲ್ಟಾ. ಸೀಸ ವಿದ್ಯುತ್ತನ್ನು ಹರಿಯಬಿಡುವುದರಿಂದ ಪೆನ್ಸಿಲ್ಲನ್ನು ಬರಿಗೈಯಲ್ಲಿ ಹಿಡಿಯುವ ಸಾಹಸ ಬೇಡ. ಎರಡು ನಟ್ಟು ಬಿಚ್ಚಿ ವೈರುಗಳನ್ನು ಅದಲುಬದಲು ಮಾಡಿ ಏರು ಹತ್ತಿಸಿ ನೋಡಿದರೂ ಆದೀತು. ಖರ್ಚು ಏನೂ ಇಲ್ಲ.

ಇದೇ ಬಗೆಯ ಇನ್ನೊಂದು ಮರೆವು ಅರ್ಥ್ ಪಟ್ಟಿಯದು. ರಬ್ಬರಿನ ಮೇಲೆ ಕೂತ ಎಂಜಿನ್ನಿಗೂ ಕಾರಿನ ಮೈಗೂ ವಿದ್ಯುತ್ ಸಂಬಂಧ ಕಲ್ಪಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಅದನ್ನು ಹಾಕದಿದ್ದರೆ ಸ್ಟಾರ್ಟರಿನ ನೂರಾರು ಆಂಪಿಯರ್ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಸಾಮಾನ್ಯವಾಗಿ ಚೋಕ್ ಕೇಬಲ್. ಸ್ಟಾರ್ಟ್ ಮಾಡಿದಾಗಲೆಲ್ಲ ಚೋಕ್ ಗುಂಡಿ ಬೆಚ್ಚಗಾಗುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಪೆಟ್ರೋಲಿನ ಕಡೆಯ ತೊಂದರೆಗಳು ನೇರವಾದವು. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತುಕ್ಕು ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಜೋಡಣೆಯಲ್ಲಿ ಪೆಟ್ರೋಲ್ ಕೊಳವೆ ಎಕ್ಸಾಸ್ಟಿನ ಪಕ್ಕದಲ್ಲಿ ಹಾದರೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ ಪೂರೈಕೆ ಕಟ್ಟುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತಿಸುತ್ತಿದ್ದ ಡ್ರೈವರುಗಳಿಗೆ ಇದು ಗೊತ್ತು. ಈಗ ಇನ್ನೊಂದು ಸೇರಿದೆ. 2023ರ ಫೆಬ್ರವರಿಯಲ್ಲ��� ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಎಲ್ಲೆಡೆ ಹರಡಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ: 14.7ರ ಬದಲು ಸುಮಾರು 13.5. ಹಳೆಯ ಜೆಟ್ಟಿನ ಕಾರ್ಬುರೇಟರು ಮೊದಲಿನ ಅಳತೆಯಲ್ಲೇ ಪೆಟ್ರೋಲು ಕೊಡುತ್ತಿರುತ್ತದೆ, ಮಿಶ್ರಣ ತೆಳುವಾಗುತ್ತದೆ. ಎಥನಾಲು ಟ್ಯಾಂಕಿನ ಹಳೆಯ ಅಂಟನ್ನೂ ಕೆದರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನೂ ಕೆಡಿಸುತ್ತದೆ. ಎಂಜಿನ್ ಬದಲಾಯಿಸುವವರು ಕೊಳವೆಗಳನ್ನೂ ಫಿಲ್ಟರನ್ನೂ ಅದೇ ದಿನ ಬದಲಾಯಿಸಿಬಿಡುವುದು ಲೇಸು. ಎಲ್ಲ ಸೋರಿಕೆ, ಎಲ್ಲ ಕಿಡಿ ಸರಿಯಾದ ಮೇಲೆ ಜೆಟ್ಟಿನ ಮಾತು.

ಇನ್ನು ಉಳಿದದ್ದು ಆರ್.ಟಿ.ಓ. ಕಚೇರಿ. ಅಲ್ಲಿಗೆ ಕಾರು ಸರಿಯಾದ ಮೇಲೆ ಹೋದರಾಯಿತು ಎಂದುಕೊಳ್ಳುವವರೇ ಹೆಚ್ಚು. ವಾಸ್ತವದಲ್ಲಿ ಕ್ರಮ ತಿರುಗುಮುರುಗು. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ಸಂಖ್ಯೆ ದಾಖಲಾಗಿರುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ದಾಖಲೆಯಲ್ಲಿ ಒಂದು ಸಂಖ್ಯೆ, ಬಾನೆಟ್ಟಿನಡಿ ಇನ್ನೊಂದು ಸಂಖ್ಯೆ ಇದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಅದನ್ನೇ. ಎಂಜಿನ್ ಮಾರಿದವರಿಂದ ಬಿಲ್ಲು ಮತ್ತು ಅದಿದ್ದ ಕಾರಿನ ಕಾಗದಪತ್ರ ಪಡೆದಿರಬೇಕು. ಸಂಖ್ಯೆ ಕೆತ್ತಿದ ಜಾಗವನ್ನು ಎಮೆರಿ ಕಾಗದದಿಂದ ಉಜ್ಜಬಾರದು, ಅಂಕಿಗಳೇ ಮಾಸಿಹೋಗುತ್ತವೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳ್ಳನೆಯ ಕಾಗದವಿಟ್ಟು ಪೆನ್ಸಿಲ್ಲಿನಿಂದ ಅಚ್ಚು ತೆಗೆಯಬೇಕು. ಎಂಜಿನ್ ಇನ್ನೂ ನೆಲದ ಮೇಲಿರುವಾಗಲೇ ಈ ಕೆಲಸ ಮುಗಿಸುವುದು ಸುಲಭ. ಕಾರಿನೊಳಗೆ ಕೂರಿಸಿದ ಮೇಲೆ ಅಲ್ಲಿಗೆ ಕೈಯೇ ಹೋಗುವುದಿಲ್ಲ.